ಎಡ್ನಾಳ ತಡ

ಬರ್ನ್ಲಿಯ ಈ ವೃದ್ಧರ ಮನೆಯಲ್ಲಿ
ರಾತ್ರಿ ಮೂರರ ಮೇಲೆ ಎಚ್ಚರ ಇರುವವರು ಇಬ್ಬರೇ:
ಸಂಬಳಕ್ಕೆ ನಾನು,
ಸುಮ್ಮನೆ ಎಡ್ನಾ ಪಿಲ್ಲಿಂಗ್.

ಔಷಧಿಯ ಟ್ರಾಲಿಯನ್ನು ಗೋಡೆಗೆ ಒರಗಿಸಿ
ಏಪ್ರನ್ನಿನ ಜೇಬಿನಿಂದ ಆಟದ ಪೆಟ್ಟಿಗೆ ತೆಗೆಯುತ್ತೇನೆ.
ಹಳೆ ಸಾಮಾನಿನ ಅಂಗಡಿಯಲ್ಲಿ ಹನ್ನೆರಡು ಪೌಂಡು,
ಮೂಲೆ ಒಡೆದದ್ದು, ಒಳಗೊಂದೇ ಆಟ:
ಹಾಡು ನಡೆದಂತೆ ಮೇಲಿನಿಂದ ಚುಕ್ಕಿ ಉದುರುತ್ತವೆ,
ಗೆರೆ ಮುಟ್ಟಿದ ಗಳಿಗೆಗೆ ಗುಂಡಿ ಒತ್ತಬೇಕು.
ಅಷ್ಟೆ. ಮಕ್ಕಳಾಟ.
ನಲವತ್ತಾರರ ನನಗದು ಊಟಕ್ಕಿಂತ ಹೆಚ್ಚು.

ಆವತ್ತು ಸದ್ದು ಆರಿಸಿ ಆಡುತ್ತಿದ್ದೆ.
ಹೆಗಲ ಮೇಲೊಂದು ನೆರಳು, ಲ್ಯಾವೆಂಡರ್ ಪೌಡರಿನ ವಾಸನೆ.
"ಏನ್ ನೇಯಾಕತ್ತೀಯವ್ವ?" ಅಂದಳು,
ಅವಳ ಇಂಗ್ಲಿಷಿನಲ್ಲಿ.

ಹದಿನೈದಕ್ಕೆ ಗಿರಣಿ ಹೊಕ್ಕವಳು,
ಆರು ಮಗ್ಗಕ್ಕೆ ಒಬ್ಬಳೇ. ಇಪ್ಪತ್ತೆಂಟಕ್ಕೆ ಕಿವಿ ಹೋಯಿತು.
ಅಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಿದ್ದರಂತೆ,
ಬಸಿರು, ಬಾಕಿ, ಬೈಗುಳ
ಆ ಗದ್ದಲದೊಳಗೆ ಸದ್ದಿಲ್ಲದೆ
ಸಾಲಿನಿಂದ ಸಾಲಿಗೆ ದಾಟುತ್ತಿದ್ದವಂತೆ.
ಈಗಲೂ ಕಣ್ಣಿಗಿಂತ ಮೊದಲು
ನನ್ನ ಬಾಯಿ ನೋಡುತ್ತಾಳೆ.

ಬನಹಟ್ಟಿಯ ನಮ್ಮ ಓಣಿಯೂ ಹೀಗೇ ಎಂದು
ತುಟಿ ಬಿಡಿಸಿ ಬಿಡಿಸಿ ಹೇಳಿದೆ:
ಗೋಡೆಗೆ ಗೋಡೆ ಪವರ್‌ಲೂಮು.
ಕರೆಂಟು ಹೋದರೆ ಕೂಸುಗಳು ಎದ್ದು ಅಳುತ್ತಿದ್ದವು,
ಸದ್ದು ನಿಂತದ್ದಕ್ಕೆ.
ಎಡ್ನಾ ಇಷ್ಟಗಲ ನಕ್ಕಳು. ಕೈ ಚಾಚಿದಳು: ಕೊಡು.

ಮಿಸ್. ಮಿಸ್. ಮಿಸ್.
ಗಂಟುಗಂಟಾದ ಹೆಬ್ಬೆರಳು,
ತೆರೆ ತುಂಬ ಕೆಂಪು ಮಿಸ್.
ಸಾಕು ಅನ್ನಲಿಲ್ಲ.
ನಾನು ಏಳನೇ ಕೋಣೆಯವರ ಮಗ್ಗುಲು ಹೊರಳಿಸಿ ಬಂದೆ.
ಇನ್ನೂ ಮಿಸ್.

ಮೂರನೆಯ ರಾತ್ರಿಯೋ ನಾಲ್ಕನೆಯದೋ
ಬಗ್ಗಿ ನೋಡಿದರೆ, ಅವಳು ತಪ್ಪುತ್ತಿಲ್ಲ.
ಪ್ರತಿ ಚುಕ್ಕಿಗೂ ಒಂದೇ ಅಳತೆಯ ತಡ,
ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.
ಬೆರಳು ಬರುವ ಹೊತ್ತಿಗೆ ತಾಳ ಎದ್ದು ಹೋಗಿರುತ್ತದೆ,
ಬೆರಳಿಗೆ ಮಾತ್ರ ಬೇಜಾರಿಲ್ಲ.
"ತಪ್ಪಲ್ಲ ತಂಗಿ, ತಡ ಅಷ್ಟ," ಅನ್ನುತ್ತಿದ್ದಳು ಅವ್ವ,
ಹೊಸ ಹುಡುಗಿ ಕಂಡಿಕಿ ಸುತ್ತುವಾಗ.

ಆಟದೊಳಗೆ ಯಾರೂ ತೆರೆಯದ ಪುಟವೊಂದಿದೆ.
ಕಣ್ಣಿಗೂ ಕೈಗೂ ನಡುವಿನ ದೂರ ತಿದ್ದುವ ಮುಳ್ಳು;
ತಡವಾಗಿ ಕೇಳಿಸುವ ಇಯರ್‌ಫೋನಿಗೆಂದು ಇಟ್ಟದ್ದಿರಬೇಕು.
ಸೊನ್ನೆಯಿಂದ ಸರಿಸಿದೆ. ನೂರು. ನೂರೈವತ್ತು.
ನೂರೆಂಬತ್ತು ಮಿಲಿಸೆಕೆಂಡಿನಲ್ಲಿ
ಆಟದ ಲೆಕ್ಕ ಹಿಂದೆ ಜರುಗಿ ನಿಂತಿತು,
ಚಪ್ಪಲಿ ಹಾಕಿಕೊಂಡೂ ಹೊಸ್ತಿಲಲ್ಲಿ
ಮುದುಕಿಗೆ ಕಾಯುವ ನೆಂಟರ ಹಾಗೆ.

ಪರ್ಫೆಕ್ಟ್.
ಪರ್ಫೆಕ್ಟ್. ಪರ್ಫೆಕ್ಟ್.
ಪೆಟ್ಟಿಗೆಯನ್ನು ಮೇಜಿನ ಮರಕ್ಕೆ ಊರಿ ಹಿಡಿದಿದ್ದಳು,
ಅದರ ನಡುಕ ಮೊಣಕೈಗೆ ಏರಲೆಂದು.
"ನೋಡಿದ್ಯಾ, ಕಲಿತೆ."
ಹೂಂ ಅಂದೆ,
ತುಟಿ ತೀರ ಅಲುಗದಂತೆ.

ಫೆಬ್ರವರಿಯಲ್ಲಿ ಮಗಳು ಬಂದು ಸೌತ್‌ಪೋರ್ಟಿಗೆ ಕರೆದೊಯ್ದಳು,
ಕಡಲ ಗಾಳಿಗೆ.
ಕಪ್ಪು, ಕುಲಾವಿ, ಮೂರು ಜೊತೆ ಸ್ಲಿಪ್ಪರು ನಾನೇ ತುಂಬಿಕೊಟ್ಟೆ.
ಪೆಟ್ಟಿಗೆಯನ್ನೂ ಕೊಡಬಹುದಿತ್ತು.
ಹೊಳೆಯಲಿಲ್ಲ ಅಂದರೆ ಸುಳ್ಳು.
ಏಪ್ರನ್ನಿನ ಜೇಬಿನಲ್ಲಿ ಅದರ ಮೇಲೆ ಕೈಯಿಟ್ಟುಕೊಂಡೇ
ಇನ್ನೊಂದು ಕೈ ಬೀಸಿದೆ.

ಅಂದು ರಾತ್ರಿ ಆಡಲು ಕೂತರೆ
ಮಿಸ್. ಮಿಸ್. ಮಿಸ್.
ಬಿದ್ದ ಚುಕ್ಕಿಗೆಲ್ಲ ನಾನೇ ಆತುರಗೇಡಿ.
ಮುಳ್ಳು ಸೊನ್ನೆಗೆ ತರಲು ಎರಡು ಗುಂಡಿ ಸಾಕು.
ಮಾರ್ಚ್ ಮುಗಿಯಿತು, ತಂದಿಲ್ಲ.

ಕೆಳಗೆ ಬಾಯ್ಲರು ಗುಡುಗುತ್ತದೆ.
ಹನ್ನೊಂದನೇ ಕೋಣೆಯ ಗಂಟೆ.
ಬಂದೆ, ಬಂದೆ, ಈ ಸಾಲೊಂದು ಮುಗಿಯಲಿ.
ಚುಕ್ಕಿ ಗೆರೆ ಮುಟ್ಟುತ್ತದೆ.
ಒತ್ತುವುದಿಲ್ಲ.
ಇನ್ನೂ ಇಲ್ಲ.
ಈಗ.