ತೊಡರು

ಮಂಡ್ಯದ ಪೇಟೆಬೀದಿಯ ಇಲಿಯಾಸ್ ಮುಚ್ಚಳ ಬಿಚ್ಚಿ
ಒಳಗೊಮ್ಮೆ ಉಫ್ ಅಂತ ಊದಿ ಹೇಳಿದ:
ಲೆನ್ಸ್ ಹೋಗಿದೆ ಅಕ್ಕ. ಇದಕ್ಕೀಗ ಪಾರ್ಟು ಎಲ್ಲಿ ಸಿಗ್ತದೆ?
ಹೊಸದು ಎರಡೂವರೆ ಸಾವಿರ.
ಹಳೇದೊಂದಿದೆ, ಯಾರೋ ಮಾರಿದ್ದು, ಆರುನೂರು, ರಿಮೋಟಿಲ್ಲ.
ಇಲ್ಲಾಂದ್ರೆ ಡಿಸ್ಕೆಲ್ಲ ಪೆನ್‌ಡ್ರೈವಿಗೆ ಹಾಕಿಕೊಡ್ತೀನಿ,
ಬೆರಳುದ್ದ ಇರ್ತದೆ, ಗೀರೂ ತೊಳೆದುಹೋಗ್ತದೆ.

ಗೀರು ಅಂದಾಗಲೇ ನಾನು ಸುಮ್ಮನಾದದ್ದು.

ತಂಗಿ ಶಿವಮಣಿಯ ಮದುವೆ, ಎರಡನೇ ಡಿಸ್ಕು,
ಊಟದ ಪಂಕ್ತಿ. ಪಾಯಸದ ಬಕೆಟ್ಟು ಹಿಡಿದ
ಸೋದರತ್ತೆ ಕೆಂಪಾಜಮ್ಮ ಕ್ಯಾಮರಾ ಕಡೆ ತಿರುಗಿ
‘ಏ, ನನ್ನ್ಯಾಕ್ಲಾ ತೆಗೀತೀಯೆ’ ಅನ್ನೋ ಹೊತ್ತಿಗೆ ಸರಿಯಾಗಿ
ನಿಂತುಬಿಡುತ್ತಿತ್ತು.
ಬಾಯಿ ತೆರೆದೇ. ಸೌಟು ಗಾಳಿಯಲ್ಲೇ.
ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅವಳೂ ಅಲ್ಲೇ ಕೂತು
ಅವರೆಕಾಯಿ ಸುಲಿಯುತ್ತ ‘ಸುಟ್ಟಾಕು ಆ ಪೆಟ್ಟಿಗೇನ’ ಅನ್ನುತ್ತಿದ್ದಳು.
ನನ್ನ ಗಂಡ ಎದ್ದು ಪ್ಲೇಯರಿನ ನೆತ್ತಿಗೆರಡು ತಟ್ಟಿದ ಮೇಲೇ
ಪಾಯಸ ಎಲೆಗೆ ಬೀಳುತ್ತಿದ್ದದ್ದು.

ಈಗ ಗೀರು ತೊಳೆದರೆ
ಅವಳು ಎಲ್ಲರಿಗೂ ಬಡಿಸಿ, ಬಕೆಟ್ಟು ಖಾಲಿ ಮಾಡಿ
ಅಂಚು ದಾಟಿ ಹೊರಟೇ ಹೋಗುತ್ತಾಳೆ,
ಹೋದ ವರ್ಷ ಹೋದ ಹಾಗೆ.

ಆರುನೂರರದ್ದೇ ಕೊಡಪ್ಪ, ಅಂದೆ.
ಅದು ಅಲ್ಲಲ್ಲಿ ತೊಡರುತ್ತೆ ಅಕ್ಕ, ಆಮೇಲೆ ಬೈಬೇಡಿ, ಅಂದ.

ಎಲ್ಲೆಲ್ಲಿ? ಅಂತ ಕೇಳಿದೆ.