ಹದಿನೇಳನೆಯದು

ಹಂದಿಗಳಿಗೆ ಹೆಸರಿಡಬಾರದು, ಪ್ರಯೋಗಾಲಯದ ನಿಯಮ.
ಹದಿನೇಳನೆಯದಕ್ಕೆ ಇಟ್ಟೆ. ಬಾಯಿಬಿಟ್ಟು ಕರೆಯಲಿಲ್ಲ.

ಕುವೊಪಿಯೊದಲ್ಲಿ ಜನವರಿ. ಬೆಳಗಿನ ಒಂಬತ್ತಕ್ಕೂ
ಕಿಟಕಿಯಾಚೆ ಸೀಸದ ಬಣ್ಣ.
ಮೂತಿಗೆ ಮುಖವಾಡ ಕಟ್ಟಿ ತಿರುಪು ತಿರುಗಿಸುತ್ತೇನೆ,
ಒಳಗೆ ಹೋಗುವುದು ಒಂದು ಹಿಡಿ ಮಂಜು,
ಹಿಡಿಯೂ ಅಲ್ಲ, ಚಿಟಿಕೆ; ಆ ಚಿಟಿಕೆಯಲ್ಲೇ
ಲೆಕ್ಕಕ್ಕೆ ಸಿಗದಷ್ಟು ಕಣ.
ಒಂದು ಕೂದಲನ್ನು ಸಾವಿರ ಸೀಳು ಸೀಳಿದರೆ
ಒಂದು ಸೀಳಿನ ದಪ್ಪ ಒಂದೊಂದೂ.
ಮೂಳೆಯಲ್ಲಿರುವ ಅದೇ ಸುಣ್ಣ.
ಅದರ ಬೆನ್ನಿಗೆ ಮದ್ದಿನ ಬುತ್ತಿ.

‘ಬಾಯಿಗೆ ಹಾಕಿದರೆ ಹೊಟ್ಟೆ ತಿಂದುಬಿಡುತ್ತೆ,
ಸೂಜಿಯಲ್ಲಿ ಕಳಿಸಿದರೆ ಯಕೃತ್ತು ಸುಂಕ ಕೇಳುತ್ತೆ,
ಎದೆಯ ಹಿತ್ತಿಲ ಬಾಗಿಲು ಗೊತ್ತಿರೋದು ಉಸಿರಿಗೆ ಮಾತ್ರ’
ಅನ್ನುತ್ತಾರೆ ಡಾಕ್ಟರ್ ಪುಹಕ್ಕ, ಹಲ್ಲುಕಡ್ಡಿ ಕಚ್ಚುತ್ತ.

ನನ್ನಪ್ಪ ಓಯ್ವ, ಇಲೊಮಂತ್ಸಿಯ ಕಡೆಯವನು, ಮರ ಕಡಿಯುವವನು.
ರೊಟ್ಟಿಯ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಉಪ್ಪು,
ಉಪ್ಪು ಕಾಣಬಾರದೆಂದು ಮತ್ತೆ ಬೆಣ್ಣೆ.
ಆ ಸೀಮೆಯಲ್ಲಿ ಐವತ್ತು ದಾಟಿದ ಗಂಡಸನ್ನು
‘ಇನ್ನೂ ಇದ್ದೀಯಾ?’ ಎಂದು ಕೇಳುತ್ತಿದ್ದರು, ನಗುತ್ತ.
ಅಪ್ಪ ದಾಟಲಿಲ್ಲ.
ಕೊಯಿಟೆರೆ ಸರೋವರದ ಹೆಪ್ಪಿನ ಮೇಲೆ
ತೂತು ಕೊರೆದು, ಗಾಳ ಇಳಿಬಿಟ್ಟು, ಕೂತಲ್ಲೇ
ಮಗ್ಗುಲಾದ.
ನನಗೆ ಒಂಬತ್ತು. ಅವನ ಬಾಯಿಂದ ಬಂದ ಹಬೆ
ಬೆಳ್ಳಗೆ ಒಂದು ಚಣ ನಿಂತೇ ಇತ್ತು.
ಗಾಳವನ್ನು ಮೀನೊಂದು ಎಳೆಯುತ್ತಿತ್ತು. ಏನು ಮಾಡಲಿ,
ಮೀನನ್ನು ಮೇಲಕ್ಕೆಳೆದೆ.

ಹದಿನೇಳನೆಯದರ ರಕ್ತನಾಳದೊಳಗೆ ಬಲೂನು ಊದಿ
ಮುಕ್ಕಾಲು ಗಂಟೆ ದಾರಿ ಕಟ್ಟಿದವರೂ ನಾವೇ.
ಅಪ್ಪನಿಗೆ ಆದದ್ದನ್ನೇ ಅದಕ್ಕೂ ಮಾಡಿ
ಆಮೇಲೆ ಇಪ್ಪತ್ತೆಂಟು ದಿನ ಮಂಜು ಕುಡಿಸಿದೆವು.
ಅದು ಆಲೂಗಡ್ಡೆ ತಿಂದಿತು. ದಪ್ಪಗಾಯಿತು.
ನನ್ನ ಹೆಜ್ಜೆ ಸದ್ದಿಗೆ ಎದ್ದು ಬಂದು
ಮೊಣಕಾಲಿಗೆ ಮೂತಿ ಒತ್ತುತ್ತಿತ್ತು.

ಇವತ್ತು ಕೊಯ್ದೆವು.
ಉಕ್ಕಿನ ತಟ್ಟೆಯಲ್ಲಿ ಹೃದಯ, ರೊಟ್ಟಿಯಂತೆ ಹೋಳು ಹೋಳು.
ಕಲೆ ಎಲ್ಲಿ ಎಂದು ಹುಡುಕಬೇಕಾಯಿತು.
ಇತ್ತು, ಉಗುರಿನ ಬುಡದ ಚಂದ್ರನಷ್ಟು.
ಹನ್ನೆರಡನೆಯದಕ್ಕೆ ಬರೀ ನೀರಿನ ಮಂಜು ಕೊಟ್ಟಿದ್ದೆವು,
ಅದರದ್ದು ಅಂಗೈಯಗಲ, ಸತ್ತ ತೊಗಟೆಯ ಹಾಗೆ.

ಪುಹಕ್ಕ ಬಗ್ಗಿ ನೋಡಿದರು, ಕನ್ನಡಕ ತೆಗೆದು ಮತ್ತೆ ನೋಡಿದರು,
‘ಹ್ಞೂಂ’ ಎಂದರು.
ಈ ಊರಲ್ಲಿ ಅದು ಹಬ್ಬ.

ಆರು ಹಂದಿಯ ಮಾತು ಇದು, ಮನುಷ್ಯರದಲ್ಲ.
ಅಲ್ಲಿಗೆ ಇನ್ನೆಷ್ಟು ವರ್ಷವೋ, ಎಷ್ಟು ಸಹಿಯೋ.
ತಮ್ಮ ಎಸ್ಕೊಗೆ ಬರುವ ಮಾರ್ಚಿಗೆ ನಲವತ್ತೊಂಬತ್ತು.
ಫೋನು ಮಾಡಿ ಹಂದಿಯ ಸುದ್ದಿ ಹೇಳಿದೆ.
‘ನನ್ನನ್ನೂ ಹೋಳು ಮಾಡ್ತೀಯಾ?’ ಅಂದ. ಏನೋ ಅಗಿಯುತ್ತಿದ್ದ.
ಏನೆಂದು ಕೇಳಲಿಲ್ಲ.

ಆ ಮೀನನ್ನು ಅಮ್ಮ ಅವತ್ತೇ ರಾತ್ರಿ ಹುರಿದಳು,
ಬೆಣ್ಣೆಯಲ್ಲಿ. ಇನ್ನು ಯಾತರಲ್ಲಿ ಹುರಿಯುತ್ತಾಳೆ.
ಮೂವರೂ ತಿಂದೆವು, ಮುಳ್ಳು ಆರಿಸುತ್ತ,
ಒಬ್ಬರ ತಟ್ಟೆ ಒಬ್ಬರು ನೋಡದೆ.