ಕೊನೆಯ ಬೆಂಚು

ಮಡಿಕೇರಿಯ ಪರೀಕ್ಷಾ ಕೋಣೆಗೆ ಕಾಲಿಟ್ಟಾಗ
ಹುಡುಗರೆಲ್ಲ ಎದ್ದು ನಿಂತರು,
ಮೇಲ್ವಿಚಾರಕಿ ಬಂದಳೆಂದು.
ಕೂತ್ಕೊಳ್ರಪ್ಪ ಅಂದೆ,
ಕೊನೆಯ ಬೆಂಚಿಗೆ ಹೋಗಿ ನಾನೂ ಕೂತೆ.

ಅದು ಹಿಂದಿಯದು. ಆಮೇಲೆ ಬೆರಳಚ್ಚು, ಸೀನಿಯರ್.
ಒಮ್ಮೆ ಡುಮ್ಕಿ ಹೊಡೆದು ಮತ್ತೆ ಕಟ್ಟಿದ ಲೆಕ್ಕಪತ್ರ.
ಸರ್ಟಿಫಿಕೇಟೆಲ್ಲ ಅಟ್ಟದ ಟ್ರಂಕಿನಲ್ಲಿವೆ,
ಎರಡನ್ನು ಗೆದ್ದಲು ಓದಿ ಮುಗಿಸಿದೆ.

‘ಬಡ್ತಿ ಸಿಗ್ತದಾ?’ ನಾದಿನಿ ಪೊನ್ನವ್ವ ಕೇಳುತ್ತಾಳೆ.
ಸುಂಟಿಕೊಪ್ಪದ ಕ್ಯೂರಿಂಗ್ ವರ್ಕ್ಸಿನಲ್ಲಿ
ಕಪ್ಪು ಬೀಜ ಹೆಕ್ಕುವ ಬೆರಳಿಗೆ
ಎಲ್ಲಿಯ ಬಡ್ತಿ?
ಅವಳ ಗಂಡ ಭಾನುವಾರವೆಲ್ಲ ಇಸ್ಪೀಟು ಆಡುತ್ತಾನೆ,
ಏನು ಸಿಕ್ಕಿತೆಂದು
ಅವನನ್ನು ಯಾರೂ ಕೇಳಿದ್ದಿಲ್ಲ.

ಈ ವರ್ಷ ಹ್ಯಾಮ್ ರೇಡಿಯೋ. ಮೋರ್ಸ್ ಕಲಿಯಬೇಕು.
ಕಡಂಬಿಟ್ಟು ಬೇಯುವ ತನಕ
ಪಾತ್ರೆಯಂಚಿಗೆ ಸೌಟು ಬಡಿಯುತ್ತೇನೆ:
ಟಕ್, ಟಾ...ಕ್. ಇದು ಎ.
ತಿರುವಿ ಹಾಕಿದರೆ ಎನ್.
ಹಬೆ ಹತ್ತಿ ಪುಸ್ತಕದ ಹಾಳೆ ಅಂಟಿಕೊಂಡಿವೆ,
ಕ್ಯೂ ಹೇಗೆಂದು ಇನ್ನೂ ಗೊತ್ತಿಲ್ಲ.

ಹಿತ್ತಲ ಸಿಲ್ವರ್ ಮರದಿಂದ ಮರಕುಟಿಗವೊಂದು
ಉತ್ತರ ಕೊಡುತ್ತದೆ.
ಪೆನ್ಸಿಲ್ ತಂದು ಬರೆದುಕೊಂಡೆ.
ಒಂದಕ್ಷರವೂ ಸರಿಯಿಲ್ಲ.
ಆದರೆ ವೇಗ ನೋಡಿ,
ನನ್ನ ಎರಡರಷ್ಟು.